ರೋಸ್ ಪೀಕ್ ದಾರಿಯಲ್ಲಿ ಒಂದು ದಣಿವಿನ ದಿನ



ನಮ್ಮ ಫಾಸ್ಟರ್ ಸಿಟಿಯಲ್ಲಿ ಬೆಟ್ಟವೆಂಬುದಿಲ್ಲ, ದಿಬ್ಬವೆಂಬುದೂ ಇಲ್ಲ. 1960ರ ದಶಕದಲ್ಲಿ ಟಿ. ಜ್ಯಾಕ್ ಫಾಸ್ಟರ್ ಅವರ ಯೋಜನೆಯಂತೆ ಬ್ರೂವರ್ ದ್ವೀಪದ ಜೌಗು ನೆಲಕ್ಕೆ ಮಣ್ಣು ತುಂಬಿಸಿ ಕಟ್ಟಿದ, 1971ರಲ್ಲಿ ನಗರವೆಂಬ ಮಾನ್ಯತೆ ಪಡೆದ ಊರು ಇದು. ಕೊಲ್ಲಿಯ ನೀರು ಒಳನುಗ್ಗದಂತೆ ಕಟ್ಟಿದ ಏರಿಯ ಮೇಲೆ ಶನಿವಾರ ಮುಂಜಾನೆ ನಡೆಯುವ ಸಂಘದ ಬಂಧುಗಳನ್ನು ನೀವೆಲ್ಲ ನೋಡಿದ್ದೀರಿ. ನಿಮ್ಮಲ್ಲಿ ಅನೇಕರು ಜೊತೆಗೂಡಿಯೂ ಇದ್ದೀರಿ. ಆ ನಡಿಗೆಯಲ್ಲಿ ಎದುರಾಗುವ ಅತಿ ದೊಡ್ಡ ಏರು ಎಂದರೆ ಕಾಲುವೆಯ ಮೇಲಿನ ಸೇತುವೆ. ಇಂಥ ಸಮತಟ್ಟಿನ ಮೇಲೆ ಎರಡು ವರ್ಷ ನಡೆದು, ನಾವು ನಡಿಗೆಯಲ್ಲಿ ಪಳಗಿದವರೆಂದು ಭಾವಿಸಿಕೊಂಡಿದ್ದೆವು. ಆ ಭಾವನೆ ಕಳೆದ ವಸಂತದ ಒಂದು ದಿನ ಹೇಗೆ ಕರಗಿತು ಎಂಬುದನ್ನು ಹೇಳುವುದು ಈ ಬರಹದ ಉದ್ದೇಶ. ನಾವು ಓದಿದ್ದು ಮೈಸೂರಿನಲ್ಲಿ, ಎಂ.ಬಿ.ಬಿ.ಎಸ್.; ಸಂಘದ ಆರೋಗ್ಯ ಸಲಹೆಯ ಕೆಲಸವನ್ನು ಸ್ವಯಂಸೇವೆಯಾಗಿ ಮಾಡುತ್ತಿದ್ದೇವೆ. ಆದ್ದರಿಂದ ಈ ತಪ್ಪನ್ನು ಮುಚ್ಚಿಡುವುದು ಉಚಿತವಲ್ಲವೆಂದು ತೋರಿತು.

ಕೊಲ್ಲಿಯ ಆಚೆ ದಡದಲ್ಲಿ ಓಲೋನಿ ವಿಲ್ಡರ್ನೆಸ್ ಟ್ರೈಲ್ ಎಂಬ ಕಾಲುದಾರಿಯಿದೆ. ಈ ನೆಲದ ಮೂಲನಿವಾಸಿಗಳಾದ ಓಲೋನಿ ಜನರ ಹೆಸರನ್ನು ಹೊತ್ತ ಈ ದಾರಿಯ ಉದ್ದ ಸುಮಾರು 28 ಮೈಲಿ. ಫ್ರಿಮಾಂಟಿನ ಬಳಿ ಹೊರಟು, 2,517 ಅಡಿಯ ಮಿಷನ್ ಪೀಕ್ ಹತ್ತಿ, ಸುನೋಲ್ ಕಣಿವೆಗೆ ಇಳಿದು, ಮತ್ತೆ 3,817 ಅಡಿಯ ರೋಸ್ ಪೀಕ್‌ಗೆ ಏರಿ, ಲಿವರ್‌ಮೋರ್ ದಕ್ಷಿಣದ ಡೆಲ್ ವ್ಯಾಲಿ ಸರೋವರದ ಬಳಿ ಮುಗಿಯುತ್ತದೆ. ನಮ್ಮ ಮಕ್ಕಳೆಲ್ಲ ಬಲ್ಲ ಮೌಂಟ್ ಡಯಾಬ್ಲೊ ಈ ರೋಸ್ ಪೀಕ್‌ಗಿಂತ ಕೇವಲ 32 ಅಡಿ ಎತ್ತರ. ಆದರೆ ಡಯಾಬ್ಲೊ ತುದಿಗೆ ಕಾರು ಹೋಗುತ್ತದೆ; ರೋಸ್ ಪೀಕ್‌ಗೆ ಕಾಲೇ ಗತಿ. ನಡೆಯುವವರು ಈಸ್ಟ್ ಬೇ ಉದ್ಯಾನ ಇಲಾಖೆಯಿಂದ ಅನುಮತಿ ಪತ್ರ ಪಡೆಯಬೇಕು. ಅದರೊಡನೆ ನಕ್ಷೆಯೊಂದು ಬರುತ್ತದೆ. ದಾರಿಯ ಕವಲುಗಳಲ್ಲಿ ನೆಟ್ಟ ಕಂಬಗಳ ಸಂಖ್ಯೆಗಳು ಅದರಲ್ಲಿ ನಮೂದಾಗಿರುತ್ತವೆ.

ಮಿಷನ್ ಪೀಕ್‌ನಿಂದ ಸುನೋಲ್‌ವರೆಗಿನ ಭಾಗವನ್ನು ಮಾರ್ಚ್ ತಿಂಗಳಿನಲ್ಲಿ, ತಂಪಾದ ಮೋಡದ ದಿನ, ನಡೆದು ಮುಗಿಸಿದ್ದೆವು. ಉಳಿದದ್ದನ್ನು ಏಪ್ರಿಲ್ ಕೊನೆಯಲ್ಲಿ ಎರಡು ದಿನಗಳಲ್ಲಿ ಮುಗಿಸುವುದು ಸಂಕಲ್ಪ. ಮೊದಲ ದಿನ ಸುನೋಲ್‌ನಿಂದ ಸುಮಾರು ಒಂಬತ್ತು ಮೈಲಿ ಏರಿ, ರೋಸ್ ಪೀಕ್‌ಗೆ ಸಮೀಪದ ಮ್ಯಾಗೀಸ್ ಹಾಫ್ ಏಕರ್ ಎಂಬ ಬಿಡಾರದಲ್ಲಿ ತಂಗುವುದು; ಮರುದಿನ ಡೆಲ್ ವ್ಯಾಲಿಗೆ ಇಳಿಯುವುದು. ತಂಡದಲ್ಲಿ ಆರು ಮಂದಿ: ನಾವು, ನಮ್ಮ ಮನೆಯವರು, ಮಿತ್ರರಾದ ಒಬ್ಬ ಇಂಜಿನಿಯರ್, ಅವರ ಪತ್ನಿ, ಹದಿನಾರರ ಮಗಳು, ಮತ್ತು ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಮಿತ್ರರ ತಂದೆ. ಹಿರಿಯರಿಗೆ ಅರವತ್ತಾರು. ರಕ್ತದೊತ್ತಡಕ್ಕೆ ದಿನವೂ ಮಾತ್ರೆ. ಆದರೆ ಯೌವನದಲ್ಲಿ ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹಲವು ಬಾರಿ ಪಾದಯಾತ್ರೆ ಮಾಡಿದವರು. ಅವರು ಬರುತ್ತೇನೆಂದಾಗ ಬೇಡವೆನ್ನಲು ಯಾರಿಗೂ ಮನಸ್ಸಾಗಲಿಲ್ಲ. ವೈದ್ಯರೊಬ್ಬರು ಜೊತೆಗಿದ್ದಾರೆ ಎಂಬ ಧೈರ್ಯವೂ ಸೇರಿತು. ಆ ಧೈರ್ಯಕ್ಕೆ ಆಧಾರ ನಾವು.

ನಮ್ಮ ಲೆಕ್ಕ ಸರಳವಾಗಿತ್ತು. ಏರಿಯ ಮೇಲೆ ಮೈಲಿಗೆ ಇಪ್ಪತ್ತು ನಿಮಿಷ. ಒಂಬತ್ತು ಮೈಲಿಗೆ ಮೂರು ಗಂಟೆ. ವಿಶ್ರಾಂತಿಗೆ ಇನ್ನೊಂದು ಗಂಟೆ. ಬೆಟ್ಟ ನಡೆಯುವವರಿಗೆ ಹಳೆಯ ಸೂತ್ರವೊಂದಿದೆ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ್ದು: ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಮತ್ತೊಂದು ಗಂಟೆ. ಫಾಸ್ಟರ್ ಸಿಟಿಯಲ್ಲಿ ಈ ಸೂತ್ರದ ಎರಡನೆಯ ಅರ್ಧಕ್ಕೆ ಕೆಲಸವೇ ಇಲ್ಲ. ಅದನ್ನು ನಾವು ಮರೆತೇಬಿಟ್ಟಿದ್ದೆವು. ಮೂರು ಸಾವಿರ ಅಡಿಗೂ ಮಿಕ್ಕಿದ ಏರಿಗೆ ಒಂದೂವರೆ ಗಂಟೆ ಹೆಚ್ಚು ಬೇಕು. ಬೆನ್ನಿನ ಹೊರೆ, ಬಿಸಿಲು, ವಯಸ್ಸು ಇವು ಯಾವುವೂ ಆ ಸೂತ್ರದಲ್ಲಿಲ್ಲ.

ಹಿಂದಿನ ಸಂಜೆಯೇ ಒಂದು ಕಾರನ್ನು ಡೆಲ್ ವ್ಯಾಲಿಯಲ್ಲಿ ನಿಲ್ಲಿಸಿ ಬಂದದ್ದಾಗಿತ್ತು. ಬೆಳಿಗ್ಗೆ ಸ್ಯಾನ್ ಮಟಿಯೊ ಸೇತುವೆ ದಾಟುವಾಗ ಕೊಲ್ಲಿಯ ಮೇಲೆ ತಣ್ಣನೆಯ ಗಾಳಿ. ಎಲ್ಲರ ಮೈಮೇಲೂ ಸ್ವೆಟರ್. ಪುಳಿಯೋಗರೆ ಕಟ್ಟುವುದು, ಮರೆತ ಟೋಪಿಗಾಗಿ ಮನೆಗೆ ಹಿಂದಿರುಗುವುದು, ಹೀಗೆ ಹೊತ್ತು ಜಾರಿ ಸುನೋಲ್‌ನಲ್ಲಿ ಹೆಜ್ಜೆ ಇಟ್ಟಾಗ ಒಂಬತ್ತೂಕಾಲು. ಅಲಮೇಡಾ ತೊರೆಯ ಸೇತುವೆ ದಾಟಿ ಓಕ್ ಮರಗಳ ನೆರಳಿನಲ್ಲಿ ನಡೆದ ಮೊದಲ ಗಂಟೆ ಹಬ್ಬದಂತಿತ್ತು. ಇಳಿಜಾರುಗಳಲ್ಲಿ ಕಿತ್ತಳೆ ಬಣ್ಣದ ಪಾಪಿ ಹೂಗಳು, ನೀಲಿ ಲೂಪಿನ್ ಹೂಗಳು. ದಾರಿಗೆ ಅಡ್ಡವಾಗಿ ಮಲಗಿದ್ದ ದನಗಳನ್ನು ಕಂಡು ಹಿರಿಯರಿಗೆ ಬಹಳ ಸಂತೋಷವಾಯಿತು. ಹಾಸನದ ಕಡೆಯ ಮಾತಿನಲ್ಲಿ ಅವನ್ನು ಗದರಿಸಿದರು. ಅಮೆರಿಕದ ಹಸುಗಳು ಎದ್ದು ದಾರಿ ಬಿಟ್ಟವು.

ಹತ್ತೂವರೆಯ ಬಳಿಕ ಮರಗಳು ಹಿಂದೆ ಉಳಿದವು. ಸೆರೊ ಎಸ್ತೆ ಕಡೆಯ ಏರು ಹುಲ್ಲುಗಾವಲಿನ ಬೋಳು ಬೆನ್ನು. ಒಂದು ತಿರುವು ಮುಗಿಯಿತೆಂದರೆ ಅದರ ಮೇಲೆ ಇನ್ನೊಂದು. ಕೊಲ್ಲಿಯ ತಂಪು ಈ ಒಳನಾಡಿನ ಬೆಟ್ಟಗಳನ್ನು ಮುಟ್ಟುವುದಿಲ್ಲ. ಬೆನ್ನುಚೀಲಕ್ಕೆ ಸಿಕ್ಕಿಸಿದ್ದ ಪುಟ್ಟ ತಾಪಮಾಪಕ ಮಧ್ಯಾಹ್ನದ ಹೊತ್ತಿಗೆ 91 ಡಿಗ್ರಿ ತೋರಿಸುತ್ತಿತ್ತು. ಬಿಸಿಲಿಗೆ ಒಗ್ಗಿಕೊಳ್ಳಲು ಶರೀರಕ್ಕೆ ಒಂದೆರಡು ವಾರ ಬೇಕು. ಚಳಿಗಾಲವನ್ನೆಲ್ಲ ಮಂಜಿನ ಊರಿನಲ್ಲಿ ಕಳೆದ ನಾವು ಒಂದೇ ಬೆಳಿಗ್ಗೆ ಅದರೊಳಕ್ಕೆ ಹೊರಟಿದ್ದೆವು. ಈ ಸಂಗತಿ ನಮಗೆ ಗೊತ್ತಿರಲಿಲ್ಲವೆಂದಲ್ಲ. ಪ್ರತಿ ಬೇಸಿಗೆಯಲ್ಲೂ ಇದೇ ವಿಷಯವನ್ನು ಸಂಘದ ಸಭೆಯಲ್ಲಿ ನಿಂತು ಹೇಳುವವರೂ ನಾವೇ.

ಹಿರಿಯರು ಪ್ರತಿಯೊಂದು ಒಂಟಿ ಮರದ ಕೆಳಗೂ ನಿಲ್ಲುತ್ತಿದ್ದರು. ಚೀಲವನ್ನು ಇಳಿಸಿ, ಎರಡು ಗುಟುಕು ನೀರು ಕುಡಿದು, ಒಂದು ಕೋಡುಬಳೆ ಮುರಿದು ಬಾಯಿಗಿಟ್ಟು ಏಳುತ್ತಿದ್ದರು. ಪಾದಯಾತ್ರೆಯ ದಾರಿಯಲ್ಲಿ ಅರವಟ್ಟಿಗೆಗಳಿರುತ್ತಿದ್ದುವಂತೆ. ಊರಿನವರು ಮಜ್ಜಿಗೆ, ಪಾನಕ ಹಿಡಿದು ನಿಂತಿರುತ್ತಿದ್ದರಂತೆ. ಬಾಯಾರಿಕೆ ಇರಲಿ ಬಿಡಲಿ, ನಿಲ್ಲದೆ ಮುಂದೆ ಹೋದರೆ ಅವರಿಗೆ ಬೇಸರವಾಗುತ್ತಿತ್ತಂತೆ. ಇಲ್ಲಿ ಅರವಟ್ಟಿಗೆ ಇಲ್ಲವಾದ್ದರಿಂದ ಮರವೇ ಅರವಟ್ಟಿಗೆ ಎಂದು ನಕ್ಕರು. ನಾವು ಗಡಿಯಾರ ನೋಡುತ್ತಿದ್ದೆವು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ವಿದ್ಯಾರ್ಥಿ ದಿನಗಳಲ್ಲಿ ಎಷ್ಟು ಬಾರಿ ಹತ್ತಿದ್ದೇವೋ ಲೆಕ್ಕವಿಲ್ಲ. ನಂದಿಯ ಬಳಿ ಕುಳಿತುಕೊಳ್ಳದೆ ಒಂದು ಬಾರಿಯೂ ಮೇಲೆ ಹೋದ ನೆನಪಿಲ್ಲ. ಆದರೂ ಆ ದಿನ ಅವರ ಒಂದೊಂದು ನಿಲುಗಡೆಯೂ ನಮಗೆ ವಿಳಂಬವಾಗಿ ಕಂಡಿತು.

ಒಂದು ಗಂಟೆಯ ಸುಮಾರಿಗೆ ಎಲ್ಲರೂ ಪುಳಿಯೋಗರೆ ಬಿಚ್ಚಿದರು. ನಮಗೆ ಅದರ ವಾಸನೆಯೇ ಸೇರಲಿಲ್ಲ. ನಮ್ಮ ಪಾಲನ್ನು ಹುಡುಗಿಗೆ ಕೊಟ್ಟೆವು. ಅದನ್ನು ಔದಾರ್ಯವೆಂದು ಎಲ್ಲರೂ ತಿಳಿದರು. ಬರಿಯ ನೀರನ್ನಷ್ಟೇ ಕುಡಿದೆವು. ಹಣೆಯ ಎಡಭಾಗದಲ್ಲಿ ನೋವು ಆರಂಭವಾಗಿತ್ತು. ನಮ್ಮ ಮನೆಯವರು ಮುಖ ನೋಡಿ ಕೇಳಿದರು, ಹೇಗಿದ್ದೀರಿ ಎಂದು. ನಾವು ಹೇಳಿದ ಉತ್ತರ: ಪರವಾಗಿಲ್ಲ.

ಅಲ್ಲಿಂದ ಮುಂದೆ ಸುಮಾರು ಮೂರು ಮೈಲಿ ಆ ಒಂದು ಮಾತಿನ ಮೇಲೆಯೇ ನಡೆದೆವು. ಬೆಟ್ಟದ ಬೆನ್ನಿನಿಂದ ಕೆಳಗೆ ಕ್ಯಾಲವೆರಾಸ್ ಜಲಾಶಯ ನೀಲಿಯಾಗಿ ಹರಡಿತ್ತು. ಫಾಸ್ಟರ್ ಸಿಟಿಯ ನಲ್ಲಿಗಳಿಗೆ ನೀರು ಪೂರೈಸುವ ಸ್ಯಾನ್ ಫ್ರಾನ್ಸಿಸ್ಕೊ ಜಲವ್ಯವಸ್ಥೆಗೆ ಸೇರಿದ ಜಲಾಶಯವದು. ಮನೆಯಲ್ಲಿ ಹಲ್ಲುಜ್ಜುವಾಗ ಹರಿಯಬಿಡುವ ನೀರನ್ನು ಇಲ್ಲಿ ದೂರದಿಂದ ನೋಡುತ್ತಾ, ನಮ್ಮ ಸೀಸೆಯ ತಳವನ್ನು ಅಲುಗಾಡಿಸಿ ನೋಡಿಕೊಂಡೆವು. ಹೆಜ್ಜೆಗಳು ಕಲ್ಲಿಗೆ ತಾಗುತ್ತಿದ್ದವು. ಯಾರೋ ಹಾಡುತ್ತಿದ್ದ ಹಾಡು ಕಿರಿಕಿರಿ ಎನಿಸಿತು. ಇವೆಲ್ಲ ಏನೆಂದು ಪರೀಕ್ಷೆಯಲ್ಲಿ ಕೇಳಿದ್ದರೆ ಅರೆನಿದ್ರೆಯಲ್ಲಿಯೂ ಉತ್ತರ ಬರೆಯುತ್ತಿದ್ದೆವು. ನಮ್ಮದೇ ಶರೀರದಲ್ಲಿ ಅದು ನಡೆಯುವಾಗ, ತಂಡಕ್ಕೆ ಧೈರ್ಯವಾಗಿ ಬಂದವರು ಕುಳಿತುಬಿಟ್ಟರೆ ಉಳಿದವರು ಹೆದರುತ್ತಾರೆ ಎಂಬ ಒಂದೇ ಯೋಚನೆ ನಮಗಿತ್ತು.

ಒಂದು ಕವಲಿನಲ್ಲಿ ಕಂಬದ ಸಂಖ್ಯೆ ನೋಡಿ ಹುಡುಗಿ ನಕ್ಷೆ ಬಿಡಿಸಿ, ಬಲಕ್ಕೆ ಹೋಗಬೇಕು ಎಂದಳು. ನಾವು ಎಡಕ್ಕೆಂದೆವು. ಅವಳು ಮತ್ತೊಮ್ಮೆ ನೋಡಿ, ಇಲ್ಲ, ಬಲಕ್ಕೇ ಎಂದಳು. ಆಗ ನಮ್ಮ ಬಾಯಿಂದ ಬಂದ ಮಾತು ಕಠಿಣವಾಗಿತ್ತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಹುಡುಗಿಯ ಮುಖ ಕೆಂಪಾಯಿತು. ಎಲ್ಲರೂ ಸುಮ್ಮನಾದರು. ನಕ್ಷೆ ಹುಡುಗಿಯ ಪರವಾಗಿತ್ತು. ಅವಳ ತಾಯಿ ಮಾತ್ರ ಸಿಟ್ಟಾಗದೆ ಹತ್ತಿರ ಬಂದು, ನೀವು ಹೀಗೆ ಮಾತನಾಡುವವರಲ್ಲ, ಮೊದಲು ಕುಳಿತುಕೊಳ್ಳಿ ಎಂದರು. ಕುಳಿತ ಮೇಲೆ ನಾಡಿ ಎಣಿಸಿಕೊಂಡೆವು. ಐದು ನಿಮಿಷ ಸುಮ್ಮನಿದ್ದರೂ ನಿಮಿಷಕ್ಕೆ 128. ಕೊನೆಯ ಬಾರಿ ಮೂತ್ರ ವಿಸರ್ಜಿಸಿದ್ದು ಯಾವಾಗ ಎಂದು ನೆನಪು ಮಾಡಿಕೊಂಡರೆ ಅದು ಬೆಳಿಗ್ಗೆ ಎಂಟು ಗಂಟೆ.

ಇದು ಬಿಸಿಲಿನ ಬಳಲಿಕೆ. ಬೆವರಿನೊಡನೆ ನೀರೂ ಉಪ್ಪೂ ಹೋಗಿ, ಶರೀರದ ಉಷ್ಣ ಹೊರಹಾಕುವ ಏರ್ಪಾಡು ಸೋಲತೊಡಗುವ ಹಂತ. ತಲೆನೋವು, ವಾಕರಿಕೆ, ಮಂಡಿ ನಡುಗುವುದು, ಸಿಡುಕು ಇದರ ಲಕ್ಷಣಗಳು. ಇಲ್ಲಿ ನಿಂತರೆ ಸರಿಹೋಗುತ್ತದೆ. ನಿಲ್ಲದೆ ನಡೆದು, ಶರೀರದ ತಾಪ 104 ಡಿಗ್ರಿ ಮೀರಿ, ಮಾತು ತೊದಲಿ, ಬುದ್ಧಿ ಮಂಕಾದರೆ ಅದು ಉಷ್ಣಾಘಾತ, ಪ್ರಾಣಾಪಾಯ. ಬಹಳ ಹೊತ್ತು ಬೆವರುತ್ತಾ ಉಪ್ಪಿಲ್ಲದೆ ಬರಿಯ ನೀರನ್ನೇ ಅತಿಯಾಗಿ ಕುಡಿಯುವುದೂ ಅಪಾಯವೇ; ರಕ್ತದ ಸೋಡಿಯಂ ಕುಸಿಯಬಹುದು. ಮೊಬೈಲಿನಲ್ಲಿ ಸಂಕೇತವಿಲ್ಲದ, ವಾಹನ ಬಾರದ ಬೆಟ್ಟದ ಮೇಲೆ ಈ ಎರಡು ಹಂತಗಳ ನಡುವೆ ನಮಗೆ ಎಷ್ಟು ಅಂತರವಿತ್ತೆಂದು ಈಗಲೂ ಹೇಳಲಾರೆವು.

ಓಕ್ ಮರವೊಂದರ ನೆರಳಿನಲ್ಲಿ ಮಲಗಿಸಿದರು. ಕುತ್ತಿಗೆಗೆ ಒದ್ದೆ ವಸ್ತ್ರ, ಬೀಸಲು ನಕ್ಷೆ. ಹಿರಿಯರು ತಮ್ಮ ಚೀಲದಿಂದ ನಿಂಬೆಹಣ್ಣು, ಸಕ್ಕರೆ, ಉಪ್ಪಿನ ಪೊಟ್ಟಣ ತೆಗೆದು ಪಾನಕ ಮಾಡಿ ಗುಟುಕು ಗುಟುಕಾಗಿ ಕುಡಿಸಿದರು. ಹುಡುಗಿ ನಮ್ಮ ಚೀಲದ ಭಾರವನ್ನು ಬಿಚ್ಚಿ ಎಲ್ಲರಿಗೂ ಹಂಚಿದಳು. ನಾವು ಕ್ಷಮೆ ಕೇಳಿದಾಗ, ಇರಲಿ ಬಿಡಿ ಎಂದು ತಲೆಯಾಡಿಸಿದಳು. ಒಂದು ಗಂಟೆಯ ಬಳಿಕ ನಾಡಿ 92ಕ್ಕೆ ಇಳಿಯಿತು, ಕೋಡುಬಳೆ ರುಚಿಸಿತು. ಬಿಸಿಲು ಓರೆಯಾದ ಮೇಲೆ ಎದ್ದು, ಹಿರಿಯರನ್ನು ಮುಂದೆ ಬಿಟ್ಟು ಅವರ ಹೆಜ್ಜೆಯಂತೆಯೇ ಎಲ್ಲರೂ ನಡೆದೆವು. ಬಿಡಾರ ಸೇರಿದಾಗ ಆರೂಕಾಲು. ನಾಲ್ಕು ಗಂಟೆಯೆಂದು ಲೆಕ್ಕ ಹಾಕಿದ ದಾರಿಗೆ ಒಂಬತ್ತು ಗಂಟೆ ಹಿಡಿದಿತ್ತು.

ಅಲ್ಲಿ ಸೌದೆಯ ಬೆಂಕಿಗೆ ಅವಕಾಶವಿಲ್ಲ. ನೀರನ್ನೂ ಶುದ್ಧೀಕರಿಸಿಯೇ ಕುಡಿಯಬೇಕು. ಪುಟ್ಟ ಗ್ಯಾಸ್ ಒಲೆಯ ಮೇಲೆ ನೀರು ಕುದಿಸಿ, ಉಪ್ಪಿಟ್ಟು ಮಾಡಿ ತಿಂದು ಎಲ್ಲರೂ ಬೇಗ ಮಲಗಿದರು. ನಮಗೆ ನಿದ್ರೆ ಹತ್ತಲಿಲ್ಲ. ಹೊರಗೆ ಬಂದರೆ ಹಿರಿಯರು ಶಾಲು ಹೊದ್ದು ಕಲ್ಲಿನ ಮೇಲೆ ಕುಳಿತಿದ್ದರು. ತಲೆ ಭಾರವೇ ಎಂದು ಕೇಳಿದೆವು. ಪರವಾಗಿಲ್ಲ ಎಂದರು. ಆ ಮಾತನ್ನು ಅದೇ ದಿನ ನಾವೂ ಆಡಿದ್ದರಿಂದ ಅದು ನಮಗೆ ಸಾಕಾಗಲಿಲ್ಲ. ಬೇರೆ ರೀತಿಯಲ್ಲಿ ಕೇಳಿದೆವು: ಮಾತ್ರೆ ಕೊನೆಯ ಬಾರಿ ತೆಗೆದುಕೊಂಡದ್ದು ಯಾವಾಗ?

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, ಮೂರು ದಿನವಾಯಿತೆಂದು. ಅವರ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು. ಬೆಟ್ಟದಲ್ಲಿ ಶೌಚಕ್ಕೆ ತೊಂದರೆ, ಸೊಸೆ ಮೊಮ್ಮಗಳ ಮುಂದೆ ಮತ್ತೆ ಮತ್ತೆ ಮರೆಗೆ ಹೋಗಲು ಸಂಕೋಚ. ಹೇಳಿದರೆ ನೀವು ಕರೆದುಕೊಂಡು ಬರುತ್ತಿರಲಿಲ್ಲ ಎಂದರು. ಅದು ನಿಜ. ಪ್ರಥಮ ಚಿಕಿತ್ಸೆಯ ಚೀಲದಲ್ಲಿದ್ದ ಯಂತ್ರದಿಂದ ಅಳೆದಾಗ ರಕ್ತದೊತ್ತಡ 172ಕ್ಕೆ 98. ಮಗನಿಗೆ ಹೇಳಬೇಡಿ ಎಂದು ಕೇಳಿಕೊಂಡರು. ರೋಗಿಯ ಗುಟ್ಟನ್ನು ನಾವು ಹೊರಗೆ ಹೇಳುವವರಲ್ಲ. ಆದರೆ ನೀವೇ ಹೇಳಬೇಕು, ಬೆಳಿಗ್ಗೆ ಎದ್ದೊಡನೆ ಹೇಳಬೇಕು, ನಮ್ಮ ಕಥೆಯನ್ನು ನಾವು ಹೇಳುತ್ತೇವೆ ಎಂದೆವು. ಮಧ್ಯಾಹ್ನ ಒಂದು ಗಂಟೆಯಿಂದಲೇ ತಲೆನೋವಿತ್ತು, ಮುಚ್ಚಿಟ್ಟಿದ್ದೆವು ಎಂಬ ವಿಷಯ ಆವರೆಗೆ ಯಾರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಕಾಫಿಯ ಹೊತ್ತಿಗೆ ಇಬ್ಬರೂ ಹೇಳಿದೆವು. ಮಿತ್ರರು ತಂದೆಯ ಮೇಲೆ ರೇಗಿದರು, ಬಳಿಕ ಅವರ ಕೈ ಹಿಡಿದು ಕುಳಿತರು. ಮುಂದಿನ ದಾರಿ ನಕ್ಷೆಯಲ್ಲಿ ಸ್ಪಷ್ಟವಾಗಿತ್ತು: ಡೆಲ್ ವ್ಯಾಲಿಗೆ ಇನ್ನೂ ಹತ್ತಕ್ಕಿಂತ ಹೆಚ್ಚು ಮೈಲಿ, ನಡುವೆ ವಿಲಿಯಮ್ಸ್ ಗಲ್ಚ್ ಎಂಬ ಕಡಿದಾದ ಕೊರಕಲಿಗೆ ಇಳಿದು ಮತ್ತೆ ಹತ್ತಬೇಕು. ಮರಳಿ ಹೋದರೆ ಒಂಬತ್ತು ಮೈಲಿ, ಬಹುಪಾಲು ಇಳಿಜಾರು, ಮೊದಲ ಗಂಟೆಗಳು ತಂಪು. ಮರಳುವುದೆಂದು ನಿರ್ಧಾರವಾಯಿತು. ಉಳಿದ ನಾಲ್ವರು ಹೊರೆಯಿಲ್ಲದೆ ರೋಸ್ ಪೀಕ್‌ಗೆ ಹೋಗಿ ಬಂದರು; ಮುಖದಲ್ಲಿ ಗೆಲುವಿತ್ತು. ಹಿರಿಯರೂ ನಾವೂ ಬಿಡಾರದಲ್ಲಿ ಕುಳಿತು ನೀರು ಕುದಿಸಿ ಸೀಸೆಗಳಿಗೆ ತುಂಬಿದೆವು. ಇಷ್ಟು ಹತ್ತಿರ ಬಂದು ತುದಿ ಮುಟ್ಟದ ಬೇಸರ ನಮಗಿರಲಿಲ್ಲ ಎಂದರೆ ಸುಳ್ಳಾದೀತು.

ಇಳಿಜಾರು ಸುಲಭವೆಂಬುದೂ ಸಮತಟ್ಟಿನವರ ಭ್ರಮೆ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಶರೀರವನ್ನು ತಡೆದು ನಿಲ್ಲಿಸಬೇಕು. ಅದರ ನೋವು ಎರಡನೆಯ, ಮೂರನೆಯ ದಿನ ಹೆಚ್ಚುತ್ತದೆ. ಸೋಮವಾರ, ಮಂಗಳವಾರ ನಾವು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿದೆವು. ಡೆಲ್ ವ್ಯಾಲಿಯಲ್ಲಿದ್ದ ಕಾರನ್ನು ಅದೇ ಸಂಜೆ ಮಿತ್ರರು ಹೋಗಿ ತಂದರು. ಹಿರಿಯರು ಊರಿನ ತಮ್ಮ ವೈದ್ಯರೊಡನೆ ಅಂದೇ ರಾತ್ರಿ ದೂರವಾಣಿಯಲ್ಲಿ ಮಾತನಾಡಿ ಮಾತ್ರೆಯನ್ನು ಮತ್ತೆ ಆರಂಭಿಸಿದರು. ಇದನ್ನೆಲ್ಲ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಹತ್ತು ಜನಕ್ಕೆ ಉಪಯೋಗವಾದರೆ ಬರೆಯಿರಿ ಎಂಬುದು ಅವರ ಮಾತು.

ಪರವಾಗಿಲ್ಲ ಎಂಬುದು ನಮ್ಮ ಭಾಷೆಯ ಒಳ್ಳೆಯ ಮಾತುಗಳಲ್ಲೊಂದು. ಇನ್ನೊಬ್ಬರಿಗೆ ತೊಂದರೆಯಾಗದಿರಲಿ ಎಂಬ ಸೌಜನ್ಯ ಅದರಲ್ಲಿದೆ. ಪರದೇಶದಲ್ಲಿ ಮಕ್ಕಳ ಮನೆಗೆ ಬಂದ ತಂದೆತಾಯಿಯರು ಈ ಮಾತನ್ನು ಎಷ್ಟು ಬಾರಿ ಹೇಳುತ್ತಾರೆಂದು ನಿಮಗೆ ಗೊತ್ತು. ಇಲ್ಲಿನ ಚಿಕಿತ್ಸೆಯ ಖರ್ಚು, ಮಕ್ಕಳ ರಜೆ, ಮೊಮ್ಮಕ್ಕಳ ಶಾಲೆ ಎಲ್ಲವನ್ನೂ ಮನಸ್ಸಿನಲ್ಲಿ ತೂಗಿ, ಕೊನೆಗೆ ಪರವಾಗಿಲ್ಲ ಎನ್ನುತ್ತಾರೆ. ನಾವೂ, ಜವಾಬ್ದಾರಿ ಹೊತ್ತವರು ದಣಿಯಬಾರದೆಂಬ ಅಹಂಕಾರದಿಂದ, ಅದನ್ನೇ ಹೇಳಿದೆವು. ಹೇಗಿದ್ದೀರಿ ಎಂಬ ಪ್ರಶ್ನೆಗೆ ಈ ಉತ್ತರವಲ್ಲದೆ ಬೇರೆ ಬರುವುದು ಕಷ್ಟ. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು.

ಈಗ ನಮ್ಮ ಶನಿವಾರದ ಗುಂಪಿನಲ್ಲಿ ಒಂದು ನಿಯಮವಿದೆ. ದೂರದ ನಡಿಗೆಯಲ್ಲಿ ಗಂಟೆಗೊಮ್ಮೆ ಎಲ್ಲರೂ ನಿಲ್ಲುತ್ತಾರೆ. ಪ್ರತಿಯೊಬ್ಬರೂ, ವೈದ್ಯರೂ ಸೇರಿ, ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಕೊನೆಯದಾಗಿ ಏನು ತಿಂದಿರಿ, ಯಾವಾಗ? ಕೊನೆಯ ಬಾರಿ ಮೂತ್ರಕ್ಕೆ ಹೋದದ್ದು ಯಾವಾಗ? ದಣಿವಿಗೆ ಹತ್ತರಲ್ಲಿ ಎಷ್ಟು ಅಂಕ? ಪ್ರಶ್ನೆ ಕೇಳುವ ಕೆಲಸ ಆ ಹುಡುಗಿಯದು. ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ. ಮನೆಯಲ್ಲಿಯೂ ಹಿರಿಯರಿದ್ದರೆ, ಆರೋಗ್ಯ ಹೇಗಿದೆ ಎಂದು ಕೇಳುವ ಬದಲು ಮಾತ್ರೆಯ ಡಬ್ಬಿಯನ್ನು ಒಟ್ಟಿಗೆ ಕುಳಿತು ನೋಡಿ. ಪ್ರವಾಸವಿರುವಾಗ, ಬಿಸಿಲಿರುವಾಗ ಔಷಧದ ಪ್ರಮಾಣ ಬದಲಿಸಬೇಕೇ ಎಂಬುದನ್ನು ಅವರ ವೈದ್ಯರೇ ತೀರ್ಮಾನಿಸಲಿ. ಅದನ್ನು ಕೇಳಲು ಸಂಕೋಚ ಬೇಡವೆಂದು ಮುಂಚಿತವಾಗಿಯೇ ತಿಳಿಸಿ.

ರೋಸ್ ಪೀಕ್‌ನಿಂದ ಡೆಲ್ ವ್ಯಾಲಿವರೆಗಿನ ದಾರಿ ಇನ್ನೂ ಉಳಿದಿದೆ. ಮುಂದಿನ ತಂಪಿನ ದಿನಗಳಲ್ಲಿ, ನೈಸ್ಮಿತರ ಸೂತ್ರದ ಎರಡೂ ಅರ್ಧಗಳನ್ನು ಸೇರಿಸಿ, ಅದರ ಮೇಲೆ ಒಂಟಿ ಮರಗಳ ಲೆಕ್ಕವನ್ನೂ ಹಾಕಿ ಮತ್ತೊಮ್ಮೆ ಹೊರಡುವ ವಿಚಾರವಿದೆ. ಹಿರಿಯರು ಹಾಸನಕ್ಕೆ ಮರಳಿದ್ದಾರೆ. ಹೊರಡುವ ಮುನ್ನ ಉಪ್ಪು, ಸಕ್ಕರೆ ಕಟ್ಟಿಟ್ಟ ಪೊಟ್ಟಣವೊಂದನ್ನು ನಮ್ಮ ಕೈಗಿತ್ತರು. ಅದು ಈಗ ಬೆನ್ನುಚೀಲದ ಮೇಲಿನ ಜೇಬಿನಲ್ಲಿದೆ. ಶನಿವಾರ ಬೆಳಿಗ್ಗೆ ಏರಿಯ ಮೇಲೆ ಭೇಟಿಯಾಗೋಣ. ನಿಮ್ಮ ಮನೆಯ ಹಿರಿಯರನ್ನೂ ಕರೆತನ್ನಿ, ನಡಿಗೆಯ ವೇಗವನ್ನು ಅವರೇ ಗೊತ್ತುಮಾಡಲಿ.